ಅಮಿಗಾ ಫ್ಲಾಪಿಗಳ ಆಯುಷ್ಯ: ನಕಲು, ಸಂಕೋಚನ ಮತ್ತು ಒಂದು ಹಸಿರು ಸೊನ್ನೆಯ ಕಥೆ

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಆಂಡಿ ವಾರ್ಹಾಲ್ ವಸ್ತುಸಂಗ್ರಹಾಲಯದಲ್ಲಿದ್ದ ಹಳೆಯ ಫ್ಲಾಪಿ ಡಿಸ್ಕುಗಳಿಂದ 28 ಚಿತ್ರಗಳು ದೊರೆತ ಸುದ್ದಿ 2014ರ ಏಪ್ರಿಲ್‌ನಲ್ಲಿ ಹೊರಬಿತ್ತು. ಕಮಡೋರ್ ಸಂಸ್ಥೆ 1985ರಲ್ಲಿ ತನ್ನ ಅಮಿಗಾ ಗಣಕಯಂತ್ರದ ಪ್ರಚಾರಕ್ಕೆ ಕಲಾವಿದ ವಾರ್ಹಾಲ್ ಅವರನ್ನು ಕರೆಸಿಕೊಂಡಿತ್ತು. ಅವರು ಆಗ ಮೌಸ್ ಹಿಡಿದು ಬಿಡಿಸಿದ ಚಿತ್ರಗಳು ಡಿಸ್ಕುಗಳಲ್ಲೇ ಉಳಿದುಹೋಗಿದ್ದವು. ವಾರ್ಹಾಲ್ 1987ರಲ್ಲಿ ನಿಧನರಾದರು. ಕಾರ್ನಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನ ಸದಸ್ಯರು ಆ ಡಿಸ್ಕುಗಳನ್ನು ಮೊದಲು ಬಿಟ್ಟು ಬಿಟ್ಟಾಗಿ ನಕಲು ಮಾಡಿಕೊಂಡರು. ಚಿತ್ರಗಳ ಕಡತವಿನ್ಯಾಸ ಯಾವುದೆಂದು ಭೇದಿಸುವ ಕೆಲಸವೆಲ್ಲ ಆಮೇಲಿನದು.

ಈ ಕ್ರಮ ಹಿಂದುಮುಂದಾಗಿದ್ದರೆ ಚಿತ್ರಗಳು ದಕ್ಕುತ್ತಿದ್ದವೇ ಎಂಬುದು ಅನುಮಾನ. ಮೂವತ್ತು ವರ್ಷ ದಾಟಿದ ಫ್ಲಾಪಿಯ ಮೇಲಿನ ಕಾಂತೀಯ ಲೇಪನ ಸಡಿಲಗೊಂಡಿರುತ್ತದೆ. ಓದುವ ಹೆಡ್ಡು ಉಜ್ಜಿದಾಗ ಲೇಪನ ಕಿತ್ತು ಬರುವುದೂ ಉಂಟು. ಇಂತಹ ಡಿಸ್ಕಿಗೆ ಮೊದಲ ಓದೇ ಕೊನೆಯ ಓದು ಆಗಬಹುದು. ಆದ್ದರಿಂದ ಯಾವ ತಂತ್ರಾಂಶದಿಂದ, ಯಾವ ವಿಧಾನದಿಂದ ನಕಲು ತೆಗೆಯಬೇಕು ಎಂಬುದು ಹಳೆಯ ಯಂತ್ರಗಳ ಹವ್ಯಾಸಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ.

ಅಮಿಗಾ ಭಾರತದಲ್ಲಿ ಮನೆಮಾತಾದ ಯಂತ್ರವಲ್ಲ. ಅದರ ನೆಲೆ ಬ್ರಿಟನ್, ಜರ್ಮನಿ ಮತ್ತು ಉತ್ತರ ಯೂರೋಪಿನ ಮನೆಗಳು. 1987ರಲ್ಲಿ ಬಂದ ಅಮಿಗಾ 500 ಮಾದರಿಯಲ್ಲಿ ಕೀಲಿಮಣೆಯೊಳಗೇ ಇಡೀ ಗಣಕಯಂತ್ರ ಅಡಗಿತ್ತು. ಸುಮಾರು 7 ಮೆಗಾಹರ್ಟ್ಸ್ ವೇಗದ ಮೋಟೊರೋಲಾ 68000 ಪ್ರೊಸೆಸರ್, 512 ಕಿಲೋಬೈಟ್ ಸ್ಮೃತಿ, ಬಲಬದಿಯಲ್ಲೊಂದು ಮೂರೂವರೆ ಇಂಚಿನ ಫ್ಲಾಪಿ ಡ್ರೈವ್. ಹಾರ್ಡ್ ಡಿಸ್ಕ್ ಬಹುತೇಕರ ಕೈಗೆಟುಕುತ್ತಿರಲಿಲ್ಲ. ಆಟ, ಚಿತ್ರ, ಸಂಗೀತ, ಪತ್ರ ಎಲ್ಲವೂ ಫ್ಲಾಪಿಯಲ್ಲೇ. 1994ರ ಏಪ್ರಿಲ್‌ನಲ್ಲಿ ಕಮಡೋರ್ ದಿವಾಳಿಯಾದಾಗ ಲಕ್ಷಾಂತರ ಜನರ ದಶಕದ ಬದುಕು ಈ ಪ್ಲಾಸ್ಟಿಕ್ ಚೌಕಗಳಲ್ಲಿ ಉಳಿದುಕೊಂಡಿತು.

ಪಿಸಿ ಓದಲಾರದ ಡಿಸ್ಕು

ಅಟ್ಟದಿಂದ ಇಳಿಸಿದ ಅಮಿಗಾ ಫ್ಲಾಪಿಯನ್ನು ಸಾಮಾನ್ಯ ಪಿಸಿಯ ಫ್ಲಾಪಿ ಡ್ರೈವಿಗೆ ತೂರಿಸಿದರೆ ‘ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡಲೇ?’ ಎಂಬ ಅರ್ಥದ ಪ್ರಶ್ನೆ ಎದುರಾಗುತ್ತದೆ. ‘ಹೌದು’ ಎಂದವರ ಕಥೆ ಅಲ್ಲಿಗೆ ಮುಗಿಯಿತು. ಎರಡೂ ಯಂತ್ರಗಳ ಫ್ಲಾಪಿ ಒಂದೇ, ಡ್ರೈವಿನ ಯಂತ್ರಭಾಗವೂ ಬಹುಮಟ್ಟಿಗೆ ಒಂದೇ. ವ್ಯತ್ಯಾಸವಿರುವುದು ಬರವಣಿಗೆಯಲ್ಲಿ.

ಡಿಸ್ಕಿನ ಪ್ರತಿ ಬದಿಯಲ್ಲಿ 80 ವರ್ತುಲಗಳು, ಅಂದರೆ ಟ್ರ್ಯಾಕ್‌ಗಳು. ಎರಡೂ ಬದಿ ಸೇರಿ 160. ಪಿಸಿ ಪ್ರತಿ ಟ್ರ್ಯಾಕಿನಲ್ಲಿ 512 ಬೈಟ್‌ಗಳ 9 ಸೆಕ್ಟರ್‌ಗಳನ್ನು ಬರೆಯುತ್ತಿತ್ತು. ಒಟ್ಟು 720 ಕಿಲೋಬೈಟ್. ಸೆಕ್ಟರ್ ಸೆಕ್ಟರ್ ನಡುವೆ ಒಂದಷ್ಟು ಖಾಲಿ ಜಾಗ ಬಿಡಬೇಕಿತ್ತು, ಏಕೆಂದರೆ ಪಿಸಿ ಒಂದೊಂದೇ ಸೆಕ್ಟರನ್ನು ಪ್ರತ್ಯೇಕವಾಗಿ ತಿದ್ದುತ್ತದೆ. ಅಮಿಗಾ ಹಾಗಲ್ಲ. ಅದು ಇಡೀ ಟ್ರ್ಯಾಕನ್ನು ಒಂದೇ ಗುಕ್ಕಿನಲ್ಲಿ ಸ್ಮೃತಿಗೆ ಎಳೆದುಕೊಳ್ಳುತ್ತದೆ, ಬರೆಯುವಾಗಲೂ ಇಡೀ ಟ್ರ್ಯಾಕನ್ನೇ ಬರೆಯುತ್ತದೆ. ನಡುವೆ ಜಾಗ ಬಿಡುವ ಪ್ರಮೇಯವೇ ಇಲ್ಲ. ಹೀಗೆ ಉಳಿತಾಯವಾದ ಜಾಗದಲ್ಲಿ ಇನ್ನೆರಡು ಸೆಕ್ಟರ್‌ಗಳು ಹಿಡಿದವು: ಟ್ರ್ಯಾಕಿಗೆ 11, ಡಿಸ್ಕಿಗೆ 1,760 ಸೆಕ್ಟರ್, ಒಟ್ಟು 9,01,120 ಬೈಟ್. ಇದೇ ಪ್ರಸಿದ್ಧವಾದ 880 ಕಿಲೋಬೈಟ್.

ಇನ್ನೊಂದು ಸೂಕ್ಷ್ಮವಿದೆ. ಪಿಸಿಯಲ್ಲಿ ಫ್ಲಾಪಿಯ ಸಂಕೇತಗಳನ್ನು ಬಿಡಿಸುವುದು ಅದಕ್ಕೆಂದೇ ಇರುವ ನಿಯಂತ್ರಕ ಚಿಪ್. ತನಗೆ ಗೊತ್ತಿರುವ ವಿನ್ಯಾಸ ಬಿಟ್ಟು ಬೇರೆಯದನ್ನು ಅದು ಮುಟ್ಟುವುದಿಲ್ಲ. ಅಮಿಗಾದಲ್ಲಿ ‘ಪೌಲಾ’ ಎಂಬ ಚಿಪ್ ಬಿಟ್‌ಗಳ ಪ್ರವಾಹವನ್ನು ಹಾಗೆಯೇ ಸ್ಮೃತಿಗೆ ಸುರಿಯುತ್ತದೆ. ಅರ್ಥ ಹಚ್ಚುವುದು ತಂತ್ರಾಂಶದ ಹೊಣೆ. ಹೀಗಾಗಿ ಅಮಿಗಾ ಪಿಸಿಯ ಡಿಸ್ಕನ್ನು ಓದಬಲ್ಲದು, ಆದರೆ ಪಿಸಿ ಅಮಿಗಾದ ಡಿಸ್ಕನ್ನು ಓದಲಾರದು. ನಕಲು ತಂತ್ರಾಂಶಗಳ ದೊಡ್ಡ ಪರಂಪರೆಯೊಂದು ಅಮಿಗಾದಲ್ಲಿ ಬೆಳೆಯಲು ಮೂಲಕಾರಣವೂ ಈ ಸ್ವಾತಂತ್ರ್ಯವೇ. ಬೀಗ ಹಾಕುವವರಿಗೂ ಬೀಗ ಒಡೆಯುವವರಿಗೂ ಅದು ಸಮಾನವಾಗಿ ದಕ್ಕಿತ್ತು.

ಎಕ್ಸ್-ಕಾಪಿಯ ಅಂಕಿಗಳ ಚೌಕ

ನಕಲು ತಂತ್ರಾಂಶಗಳ ಪೈಕಿ ಹೆಚ್ಚು ಹೆಸರಾದದ್ದು ಜರ್ಮನಿಯಲ್ಲಿ ಹುಟ್ಟಿದ ಎಕ್ಸ್-ಕಾಪಿ. ಅದರ ಪರದೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಟ್ರ್ಯಾಕ್‌ಗಳಿಗೆ ಒಂದೊಂದು ಮನೆಯಿರುವ ದೊಡ್ಡ ಚೌಕ. ಡ್ರೈವ್ ಕಿರ್‌ಗುಡುತ್ತ ಸಾಗಿದಂತೆ ಮನೆಗಳು ಒಂದೊಂದಾಗಿ ತುಂಬುತ್ತವೆ. ಟ್ರ್ಯಾಕ್ ಸರಿಯಾಗಿದ್ದರೆ ಹಸಿರು ಸೊನ್ನೆ. ತೊಂದರೆಯಿದ್ದರೆ ಕೆಂಪು ಅಂಕಿ. ದೋಷ ಯಾವ ಬಗೆಯದು ಎಂಬುದನ್ನು ಆ ಅಂಕಿಯೇ ಹೇಳುತ್ತದೆ. ಸೊನ್ನೆ ಬಿದ್ದರೆ ಸಂತೋಷಪಡುವ ಪರೀಕ್ಷೆ ಪ್ರಾಯಶಃ ಇದೊಂದೇ.

ತಂತ್ರಾಂಶದಲ್ಲಿ ನಕಲಿನ ಹಲವು ವಿಧಾನಗಳಿವೆ. ಅವುಗಳ ನಡುವಿನ ಅಂತರ ತಿಳಿಯದೆ ಗುಂಡಿ ಒತ್ತುವುದು ಅಪಾಯಕಾರಿ. ‘ಡಾಸ್-ಕಾಪಿ’ ಎಂಬುದು ಪ್ರತಿ ಟ್ರ್ಯಾಕಿನ 11 ಸೆಕ್ಟರ್‌ಗಳನ್ನು ಓದಿ, ಪ್ರತಿ ಸೆಕ್ಟರಿನೊಂದಿಗೆ ಬರೆದಿರುವ ತಾಳೆಮೊತ್ತವನ್ನು ಪರಿಶೀಲಿಸಿ, ಹೊಸದಾಗಿ ಬರೆಯುವ ವಿಧಾನ. ಮನೆಯ ಪತ್ರ, ಚಿತ್ರ, ಲೆಕ್ಕಗಳಿರುವ ಡಿಸ್ಕಿಗೆ ಇದು ಸಾಕು. ‘ಬ್ಯಾಮ್-ಕಾಪಿ’ ಡಿಸ್ಕಿನ ಬಳಕೆ ನಕ್ಷೆಯನ್ನು ನೋಡಿ, ಮಾಹಿತಿ ತುಂಬಿರುವ ಭಾಗಗಳನ್ನಷ್ಟೇ ನಕಲು ಮಾಡುತ್ತದೆ. ಅರ್ಧ ಖಾಲಿಯಿರುವ ಡಿಸ್ಕಿನಲ್ಲಿ ಸಮಯ ಉಳಿಯುತ್ತದೆ ನಿಜ. ಆದರೆ ಅಳಿಸಿಹಾಕಿದ ಕಡತಗಳು ಖಾಲಿ ಎಂದು ಗುರುತಾದ ಜಾಗದಲ್ಲೇ ಇರುತ್ತವೆ. ಅವನ್ನು ಮರಳಿ ಪಡೆಯುವ ಆಸೆಯಿದ್ದವರು ಈ ವಿಧಾನದತ್ತ ಸುಳಿಯಬಾರದು.

ಹೆಚ್ಚು ಎಚ್ಚರ ಬೇಕಿರುವುದು ‘ಡಾಸ್-ಕಾಪಿ ಪ್ಲಸ್’ ವಿಷಯದಲ್ಲಿ. ಇದು ಕೆಟ್ಟ ಟ್ರ್ಯಾಕನ್ನು ‘ಸರಿಪಡಿಸಿ’ ಬರೆಯುತ್ತದೆ. ಸರಿಪಡಿಸುವುದೆಂದರೆ ಕಳೆದುಹೋದ ಅಕ್ಷರ ಎಲ್ಲಿಂದಲೋ ಉದ್ಭವಿಸುತ್ತದೆ ಎಂದಲ್ಲ. ಸಿಕ್ಕಿದಷ್ಟನ್ನು ಇಟ್ಟುಕೊಂಡು, ಅದಕ್ಕೆ ಹೊಂದುವ ಹೊಸ ತಾಳೆಮೊತ್ತ ಹಾಕಿ ಬರೆಯುತ್ತದೆ. ಹರಿದ ದಾಖಲೆಯ ಜೆರಾಕ್ಸ್ ತೆಗೆದು ಅದಕ್ಕೆ ‘ಮೂಲದಂತಿದೆ’ ಎಂದು ಮೊಹರು ಒತ್ತಿದ ಹಾಗೆ. ನಕಲು ಡಿಸ್ಕನ್ನು ಮತ್ತೆ ಪರೀಕ್ಷೆಗೊಡ್ಡಿದರೆ ಎಲ್ಲವೂ ಹಸಿರು ಸೊನ್ನೆಯೇ. ಮೂಲ ಡಿಸ್ಕನ್ನು ಎಸೆದವರಿಗೆ ಎಲ್ಲಿ ತೂತಿದೆ ಎಂಬ ಗುರುತೂ ಉಳಿಯುವುದಿಲ್ಲ.

ಕಮಡೋರ್ ಸಂಸ್ಥೆ ತಾನೇ ಕೊಟ್ಟಿದ್ದ ‘ಡಿಸ್ಕ್‌ಡಾಕ್ಟರ್’ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ರೋಗಿಯ ಮೈಮೇಲೆಯೇ ಶಸ್ತ್ರಚಿಕಿತ್ಸೆ ನಡೆಸುತ್ತಿತ್ತು. ಅಂದರೆ ಕೆಟ್ಟ ಡಿಸ್ಕಿನ ಮೇಲೆಯೇ ಬರೆಯುತ್ತಿತ್ತು. ಚಿಕಿತ್ಸೆಯ ನಂತರ ಡಿಸ್ಕಿಗೆ ‘ಲ್ಯಾಝರಸ್’ ಎಂದು ಹೆಸರಿಡುತ್ತಿತ್ತು. ಬೈಬಲ್ಲಿನಲ್ಲಿ ಸತ್ತು ಎದ್ದುಬಂದವನ ಹೆಸರದು. ಎಲ್ಲ ಡಿಸ್ಕುಗಳೂ ಎದ್ದುಬರಲಿಲ್ಲ. ಕಮಡೋರ್‌ನ ಎಂಜಿನಿಯರ್ ಡೇವ್ ಹೇನಿ ಬರೆದ ‘ಡಿಸ್ಕ್‌ಸಾಲ್ವ್’ ಉಳಿದ ಕಡತಗಳನ್ನು ಬೇರೊಂದು ಡಿಸ್ಕಿಗೆ ಎತ್ತಿಟ್ಟು ಮೂಲವನ್ನು ಮುಟ್ಟದೆ ಬಿಡುತ್ತಿತ್ತು. ಇಂದಿಗೂ ಅದೇ ಸರಿಯಾದ ದಾರಿ.

ಇನ್ನು ವೇಗದ ಮಾತು. ಫ್ಲಾಪಿ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸೆಕೆಂಡಿನ ಐದನೇ ಒಂದು ಭಾಗ. 160 ಟ್ರ್ಯಾಕ್ ಓದಲು 32 ಸೆಕೆಂಡಾದರೂ ಬೇಕು, ಬರೆಯಲು ಇನ್ನೊಂದು 32, ಬರೆದದ್ದನ್ನು ತಾಳೆ ನೋಡಲು ಮತ್ತೊಂದು 32. ಎರಡು ಡ್ರೈವ್ ಇದ್ದವರಿಗೆ ಈ ಲೆಕ್ಕ. ಒಂದೇ ಡ್ರೈವಿನ, 512 ಕಿಲೋಬೈಟ್ ಸ್ಮೃತಿಯ ಮನೆಯಲ್ಲಿ 880 ಕಿಲೋಬೈಟ್ ಒಮ್ಮೆಲೇ ಹಿಡಿಯುವುದಿಲ್ಲವಾದ್ದರಿಂದ ಮೂಲ ಡಿಸ್ಕು ಹಾಕು, ತೆಗೆ, ಖಾಲಿ ಡಿಸ್ಕು ಹಾಕು, ತೆಗೆ ಎಂಬ ಕವಾಯತು ನಡೆಯಬೇಕು. ಕೈತಪ್ಪಿ ಮೂಲದ ಮೇಲೆಯೇ ಬರೆಸಿಬಿಟ್ಟವರಿಗೆ ಲೆಕ್ಕವಿಲ್ಲ. ಅದಕ್ಕೆ ಪರಿಹಾರ ಡಿಸ್ಕಿನ ಮೂಲೆಯಲ್ಲಿರುವ ಪುಟ್ಟ ಜಾರುಬಿಲ್ಲೆ. ಬಿಲ್ಲೆ ಸರಿದು ತೂತು ಕಾಣುತ್ತಿದ್ದರೆ ಡಿಸ್ಕಿನ ಮೇಲೆ ಬರೆಯಲಾಗದು. ಹಳೆಯ ಐದೂಕಾಲು ಇಂಚಿನ ಫ್ಲಾಪಿಯಲ್ಲಿ ನಿಯಮ ತಿರುಗುಮುರುಗು, ಅಲ್ಲಿ ಕಚ್ಚನ್ನು ಚೀಟಿ ಅಂಟಿಸಿ ಮುಚ್ಚಬೇಕಿತ್ತು. ಈ ಗೊಂದಲವೂ ಹಲವು ಡಿಸ್ಕುಗಳನ್ನು ನುಂಗಿದೆ.

ಬೀಗಗಳ ಬಗೆ

ಆಟಗಳ ಕಂಪನಿಗಳು ಸುಮ್ಮನೆ ಕುಳಿತಿರಲಿಲ್ಲ. ಬ್ರಿಟನ್ನಿನ ರಾಬ್ ನಾರ್ದನ್ ರೂಪಿಸಿದ ‘ಕಾಪಿಲಾಕ್’ ಎಂಬ ರಕ್ಷಣೆ ನೂರಾರು ಆಟಗಳಲ್ಲಿ ಬಳಕೆಯಾಯಿತು. ಅದರ ಉಪಾಯ ಸ್ವಾರಸ್ಯಕರ. ಒಂದು ಟ್ರ್ಯಾಕಿನ ಕೆಲವು ಸೆಕ್ಟರ್‌ಗಳಲ್ಲಿ ಬಿಟ್‌ಗಳನ್ನು ಕೊಂಚ ಒತ್ತೊತ್ತಾಗಿ ಅಥವಾ ಕೊಂಚ ವಿರಳವಾಗಿ ಬರೆದಿರುತ್ತಾರೆ. ಮಾಹಿತಿ ಅದೇ, ಓದಲು ತಗಲುವ ಕಾಲ ಮಾತ್ರ ಬೇರೆ. ಆಟ ಶುರುವಾಗುವ ಮುನ್ನ ಆ ಕಾಲವನ್ನು ಅಳೆಯುತ್ತದೆ. ಕಾರ್ಖಾನೆಯ ಯಂತ್ರ ಹೀಗೆ ಬರೆಯಬಲ್ಲದು, ಮನೆಯ ಅಮಿಗಾ ಡ್ರೈವ್ ಒಂದೇ ಲಯದಲ್ಲಿ ಬರೆಯುತ್ತದೆ. ಅಕ್ಷರಕ್ಕೆ ಅಕ್ಷರ ಹೊಂದುವ ನಕಲೂ ತಾಳ ತಪ್ಪಿ ಸಿಕ್ಕಿಬೀಳುತ್ತದೆ.

ಇನ್ನು ಕೆಲವರು ಸಾಮಾನ್ಯ ಡ್ರೈವ್ ಒಂದು ಸುತ್ತಿನಲ್ಲಿ ಬರೆಯಲಾಗದಷ್ಟು ಉದ್ದದ ಟ್ರ್ಯಾಕ್‌ಗಳನ್ನು ತುಂಬಿದರು. ಪ್ರತಿ ಸಲ ಓದಿದಾಗಲೂ ಬೇರೆ ಬೇರೆಯಾಗಿ ಕಾಣುವ ಅಸ್ಥಿರ ಬಿಟ್‌ಗಳನ್ನು ಇಟ್ಟವರೂ ಇದ್ದರು. ಎರಡು ಸಲ ಓದಿದಾಗ ಉತ್ತರ ಒಂದೇ ಬಂದರೆ ಅದು ನಕಲು ಎಂದರ್ಥ!

ಇವನ್ನು ಎದುರಿಸಲು ಎಕ್ಸ್-ಕಾಪಿಯಲ್ಲಿ ‘ನಿಬಲ್’ ವಿಧಾನವಿತ್ತು. ಸೆಕ್ಟರ್ ಲೆಕ್ಕ ಬಿಟ್ಟು, ಟ್ರ್ಯಾಕಿನ ಹಸಿ ಬಿಟ್‌ಗಳನ್ನು ಇದ್ದಂತೆ ಎತ್ತಿ ಬರೆಯುವುದು ಇದರ ಕೆಲಸ. ಅದೂ ಸಾಲದಾದಾಗ ‘ಸೈಕ್ಲೋನ್’ ಎಂಬ ಪುಟ್ಟ ಯಂತ್ರಾಂಶ ಬಂತು. ಒಂದು ಡ್ರೈವ್ ಓದಿದ್ದನ್ನು ಅಮಿಗಾದ ಗೊಡವೆಯಿಲ್ಲದೆ ನೇರವಾಗಿ ಇನ್ನೊಂದು ಡ್ರೈವಿಗೆ ಹರಿಸುವ ಕೊಂಡಿ ಅದು. ಕಳ್ಳ ಪೊಲೀಸ್ ಆಟ ಹೀಗೆ ವರ್ಷಗಟ್ಟಲೆ ನಡೆಯಿತು.

ನಕಲೆಂದರೆ ಬರೀ ಕಳವು ಎಂದು ತೀರ್ಮಾನಿಸುವುದು ಮಾತ್ರ ಅನ್ಯಾಯ. ಅಮೆರಿಕದ ಫ್ರೆಡ್ ಫಿಶ್ 1986ರಿಂದ 1994ರವರೆಗೆ ಮುಕ್ತವಾಗಿ ಹಂಚಬಹುದಾದ ತಂತ್ರಾಂಶಗಳನ್ನು ಆಯ್ದು ಸುಮಾರು 1,100 ಡಿಸ್ಕುಗಳ ಸಂಗ್ರಹವನ್ನು ಸಿದ್ಧಪಡಿಸಿದರು. ‘ಫಿಶ್ ಡಿಸ್ಕ್’ ಎಂದೇ ಹೆಸರಾದ ಇವು ಕೈಯಿಂದ ಕೈಗೆ ನಕಲಾಗುತ್ತಲೇ ಜಗತ್ತು ಸುತ್ತಿದವು. ನಕಲಾಗದಿದ್ದರೆ ಅವುಗಳಿಗೆ ಅರ್ಥವೇ ಇರಲಿಲ್ಲ.

ಕೈಯಿಂದ ಕೈಗೆ ಬೇರೊಂದು ಸರಕೂ ದಾಟಿತು. 1987ರ ಕೊನೆಯಲ್ಲಿ ಕಾಣಿಸಿಕೊಂಡ ‘ಎಸ್‌ಸಿಎ’ ಅಮಿಗಾದ ಮೊದಲ ವೈರಸ್. ಡಿಸ್ಕಿನ ಮೊದಲ ಎರಡು ಸೆಕ್ಟರ್‌ಗಳ, ಅಂದರೆ 1,024 ಬೈಟ್‌ಗಳ ‘ಬೂಟ್ ಬ್ಲಾಕ್’ ಅದರ ವಾಸಸ್ಥಾನ. ಯಂತ್ರವನ್ನು ಮರುಪ್ರಾರಂಭಿಸಿದರೂ ಸ್ಮೃತಿಯಲ್ಲಿ ಉಳಿದು, ನಂತರ ಬೂಟ್ ಮಾಡಿದ ಡಿಸ್ಕಿಗೆ ಅಂಟಿಕೊಳ್ಳುತ್ತಿತ್ತು. ತಮ್ಮದೇ ಬೂಟ್ ಬ್ಲಾಕ್ ಹೊಂದಿದ್ದ ಆಟಗಳು ಇದರಿಂದ ಶಾಶ್ವತವಾಗಿ ಕೆಟ್ಟವು. ಇಡೀ ಡಿಸ್ಕನ್ನು ಎತ್ತುವ ನಕಲು ತಂತ್ರಾಂಶ ವೈರಸ್ಸನ್ನೂ ನಿಷ್ಠೆಯಿಂದ ಎತ್ತುತ್ತದೆ. ಹಳೆಯ ಡಿಸ್ಕುಗಳ ಸಂಗ್ರಹದಲ್ಲಿ ಇಂದಿಗೂ ಅದು ಇಣುಕುವುದುಂಟು.

‘ಸದರಿ’ ಎಂಬ ಸಂಕೋಚನ ಸೂತ್ರ

ಡಿಸ್ಕನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡುವುದು ಒಂದು ಕೆಲಸ. ಡಿಸ್ಕನ್ನೇ ಒಂದು ಕಡತವಾಗಿ ಕುಗ್ಗಿಸುವುದು ಇನ್ನೊಂದು. ಟೆಲಿಫೋನ್ ತಂತಿಯ ಮೂಲಕ ಮೋಡೆಮ್ ಬಳಸಿ ಡಿಸ್ಕು ಕಳಿಸುವ ಕಾಲ ಬಂದಾಗ ಇದರ ಅಗತ್ಯ ಹೆಚ್ಚಿತು. ಸೆಕೆಂಡಿಗೆ 2,400 ಬಿಟ್ ವೇಗದ ಮೋಡೆಮಿನಲ್ಲಿ, ಬೈಟಿಗೆ 10 ಬಿಟ್ ಲೆಕ್ಕದಂತೆ, ಒಂದು ಅಮಿಗಾ ಡಿಸ್ಕು ಸಾಗಲು 62 ನಿಮಿಷಕ್ಕೂ ಹೆಚ್ಚು ಬೇಕು. ಬ್ರಿಟನ್, ಜರ್ಮನಿಗಳಲ್ಲಿ ಸ್ಥಳೀಯ ಕರೆಗೂ ಸಮಯದ ಲೆಕ್ಕದಲ್ಲಿ ಶುಲ್ಕ. ಕಡತ ಅರ್ಧಕ್ಕೆ ಇಳಿದರೆ ಬಿಲ್ಲೂ ಅರ್ಧಕ್ಕೆ ಇಳಿಯಿತು.

ಈ ಕೆಲಸಕ್ಕೆ ರೂಢಿಗೆ ಬಂದದ್ದು ‘ಡಿಸ್ಕ್ ಮ್ಯಾಶರ್ ಸಿಸ್ಟಮ್’, ಬಳಕೆದಾರರ ಬಾಯಲ್ಲಿ ಡಿಎಂಎಸ್. ಇದರ ಆಜ್ಞೆಗಳು ಹೊಸಬರನ್ನು ಗಲಿಬಿಲಿಗೊಳಿಸುತ್ತವೆ. ‘ರೀಡ್’ ಎಂದರೆ ಫ್ಲಾಪಿಯನ್ನು ಓದಿ ಕಡತ ಮಾಡು, ‘ರೈಟ್’ ಎಂದರೆ ಕಡತವನ್ನು ಬಿಚ್ಚಿ ಫ್ಲಾಪಿಗೆ ಬರೆ. ಅದಲುಬದಲಾದರೆ ಆಗುವ ಅನಾಹುತ ವಿವರಿಸಬೇಕಿಲ್ಲ.

ಕುಗ್ಗಿಸುವ ಮಟ್ಟಗಳು ಹಲವು. ಎಲ್ಲಕ್ಕಿಂತ ಸರಳವಾದದ್ದು ಪುನರಾವರ್ತನೆಯ ಎಣಿಕೆ. ನಿಲ್ದಾಣದಲ್ಲಿ ಕಂಡಕ್ಟರ್ ‘ಮೆಜೆಸ್ಟಿಕ್, ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದು ಕೂಗಿದ್ದನ್ನು ‘ಮೆಜೆಸ್ಟಿಕ್, ಮೂರು ಸಲ’ ಎಂದು ಬರೆದುಕೊಂಡಂತೆ. ಡಿಸ್ಕಿನ ಖಾಲಿ ಜಾಗದಲ್ಲಿ ಸೊನ್ನೆಗಳೇ ತುಂಬಿದ್ದರೆ ಇದೊಂದರಿಂದಲೇ ದೊಡ್ಡ ಉಳಿತಾಯ.

ಮೇಲಿನ ಮಟ್ಟಗಳು ಇಸ್ರೇಲಿನ ಏಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 1977ರಲ್ಲಿ ಪ್ರಕಟಿಸಿದ ಸೂತ್ರವನ್ನು ಆಧರಿಸಿವೆ. ನಮ್ಮ ಕಂದಾಯ ದಾಖಲೆಗಳನ್ನು ಓದಿದವರಿಗೆ ಇದು ಹೊಸತೇನಲ್ಲ. ಸರ್ವೆ ನಂಬರು, ಗ್ರಾಮ, ಹೋಬಳಿ, ತಾಲ್ಲೂಕುಗಳ ವಿವರವನ್ನು ಗುಮಾಸ್ತ ಒಮ್ಮೆ ಪೂರ್ತಿ ಬರೆದು, ನಂತರ ‘ಸದರಿ ಜಮೀನು’ ಎಂದು ಮುಗಿಸುತ್ತಾನೆ. ಲೆಂಪೆಲ್-ಝಿವ್ ವಿಧಾನದ ‘ಸದರಿ’ ಇನ್ನಷ್ಟು ನಿಖರ: ಇಷ್ಟು ಅಕ್ಷರ ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟು ಅಕ್ಷರ ಎತ್ತಿಕೋ ಎಂಬ ಎರಡೇ ಸಂಖ್ಯೆ. ಡಿಎಂಎಸ್‌ನ ‘ಡೀಪ್’ ಮತ್ತು ‘ಹೆವಿ’ ಮಟ್ಟಗಳು ಈ ಸಂಖ್ಯೆಗಳನ್ನೂ ಇನ್ನೊಮ್ಮೆ ಹಿಂಡುತ್ತವೆ. ಡೇವಿಡ್ ಹಫ್‌ಮನ್ 1952ರಲ್ಲಿ ಕೊಟ್ಟ ಉಪಾಯದಂತೆ ಪದೇ ಪದೇ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ ಕೊಡುತ್ತವೆ.

ಆದರೆ ‘ಸದರಿ’ಯ ಜೊತೆಗೇ ಅದರ ಅಪಾಯವೂ ಬರುತ್ತದೆ. ಮೊದಲ ಪುಟ ಹರಿದುಹೋದರೆ ಸದರಿ ಜಮೀನು ಯಾವುದು? ಡಿಎಂಎಸ್ ಕಡತದಲ್ಲಿ ಒಂದು ಟ್ರ್ಯಾಕಿನ ಭಾಗ ಕೆಟ್ಟರೆ, ಹಿಂದಿನದನ್ನು ನಂಬಿಕೊಂಡ ಮುಂದಿನ ಟ್ರ್ಯಾಕ್‌ಗಳೂ ಬಿಚ್ಚಿಕೊಳ್ಳದೆ ಹೋಗಬಹುದು. ಕುಗ್ಗಿಸದ ಪ್ರತಿಯಲ್ಲಿ ಒಂದು ಬೈಟ್ ಕೆಟ್ಟರೆ ಕೆಡುವುದು ಆ ಒಂದು ಬೈಟ್ ಮಾತ್ರ. ಡಿಎಂಎಸ್‌ಗೆ ಇನ್ನೊಂದು ಮಿತಿಯೂ ಇದೆ: ಅದು ಸಾಮಾನ್ಯ ವಿನ್ಯಾಸದ ಟ್ರ್ಯಾಕ್‌ಗಳನ್ನು ಮಾತ್ರ ಬಲ್ಲದು. ರಕ್ಷಣೆಯಿದ್ದ ಮೂಲ ಆಟಗಳು ಅದರಲ್ಲಿ ಹಿಡಿಯುವುದಿಲ್ಲ. ಹಳೆಯ ಸಂಗ್ರಹಗಳಲ್ಲಿ ಸಿಗುವ ಆಟಗಳ ಡಿಎಂಎಸ್ ಕಡತಗಳು ಬಹುಪಾಲು ಬೀಗ ಒಡೆದ ಪ್ರತಿಗಳೇ ಆಗಿರುವುದು ಇದೇ ಕಾರಣಕ್ಕೆ.

ಇಡೀ ಡಿಸ್ಕಿನ ಬದಲು ಬಿಡಿ ಕಡತಗಳನ್ನು ಕುಗ್ಗಿಸುವವರ ದಾರಿ ಬೇರೆ. ಬೆಲ್ಜಿಯಂನ ನಿಕೊ ಫ್ರಾಂಸ್ವಾ ಬರೆದ ‘ಪವರ್‌ಪ್ಯಾಕರ್’ ಪ್ರೋಗ್ರಾಮನ್ನು ಕುಗ್ಗಿಸಿ, ತೆರೆದಾಗ ತಾನೇ ಹಿಗ್ಗುವಂತೆ ಮಾಡುತ್ತಿತ್ತು. ಹಿಗ್ಗುವ ಹೊತ್ತಿನಲ್ಲಿ ಪರದೆಯ ಮೇಲೆ ಬಣ್ಣಗಳು ಮಿನುಗುವುದು ಆ ಕಾಲದ ಪರಿಚಿತ ನೋಟ. ಫ್ಲಾಪಿಯೇ ನಿಧಾನವಾದ್ದರಿಂದ ಓದಬೇಕಾದದ್ದು ಕಡಿಮೆಯಾಗಿ, ಹಿಗ್ಗಿಸುವ ಹೊರೆಯ ಬಹುಭಾಗ ಅಲ್ಲೇ ವಸೂಲಾಗುತ್ತಿತ್ತು. ಕಡತಗಳ ಗಂಟು ಕಟ್ಟಲು ಜಪಾನಿನಲ್ಲಿ ಹುಟ್ಟಿದ ಎಲ್‌ಎಚ್‌ಎ ವಿನ್ಯಾಸ ಮನೆಮಾತಾಯಿತು. 1995ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೊನಾಥನ್ ಫೋರ್ಬ್ಸ್ ಮತ್ತು ಟೋಮಿ ಪೌಟಾನೆನ್ ಅಮಿಗಾಕ್ಕಾಗಿ ‘ಎಲ್‌ಝಡ್‌ಎಕ್ಸ್’ ಬರೆದರು. ಫೋರ್ಬ್ಸ್ ಮುಂದೆ ಮೈಕ್ರೋಸಾಫ್ಟ್ ಸೇರಿದರು, ಅವರ ವಿಧಾನ ವಿಂಡೋಸ್‌ನ ಕ್ಯಾಬಿನೆಟ್ ಕಡತಗಳಲ್ಲಿ ಹೊಕ್ಕಿತು. ಅಮಿಗಾವನ್ನು ಕಣ್ಣಿನಿಂದಲೂ ಕಾಣದ ಬೆಂಗಳೂರು, ಹುಬ್ಬಳ್ಳಿಗಳ ಪಿಸಿ ಬಳಕೆದಾರರು ಹೀಗೆ ಅದರ ಋಣದಲ್ಲಿದ್ದಾರೆ.

ಇಂದು ಮಾಡಬೇಕಾದುದೇನು?

ಕೆಲಸ ಮಾಡುವ ಅಮಿಗಾ ಕೈಯಲ್ಲಿದ್ದರೆ, ಮೊದಲು ಡಿಸ್ಕಿನ ಲೋಹದ ಬಾಗಿಲನ್ನು ಸರಿಸಿ ಬೆಳಕಿನಲ್ಲಿ ನೋಡಬೇಕು. ಬೂಷ್ಟು ಕಂಡರೆ ಡ್ರೈವಿಗೆ ಹಾಕಲೇಬಾರದು. ಒಂದು ಡಿಸ್ಕಿನ ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಹತ್ತು ಡಿಸ್ಕುಗಳನ್ನು ಗೀರುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಿಲ್ಲೆ ಸರಿಸಿ ತೂತು ತೆರೆದು, ಆಮೇಲೆ ನಕಲಿಗೆ ಕೂರಬೇಕು. ಹಾರ್ಡ್ ಡಿಸ್ಕ್ ಅಥವಾ ಮೆಮೊರಿ ಕಾರ್ಡ್ ಇರುವ ಯಂತ್ರದಲ್ಲಿ ಕುಗ್ಗಿಸದ ‘ಎಡಿಎಫ್’ ಪ್ರತಿಯೇ ಉತ್ತಮ. ಸರಿಯಾದ ಎಡಿಎಫ್ ಕಡತದ ಗಾತ್ರ 9,01,120 ಬೈಟ್. ಕಾರ್ಡ್ ಇಲ್ಲದ ಅಮಿಗಾ 500ರಲ್ಲಿ ಇಡೀ ಡಿಸ್ಕಿನ ಪ್ರತಿ ಇನ್ನೊಂದು ಫ್ಲಾಪಿಯೊಳಗೆ ಕಡತವಾಗಿ ಹಿಡಿಯದು. ಅಲ್ಲಿ ಡಿಎಂಎಸ್ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಹಾಗೆ ತಂದ ಕಡತವನ್ನು ಪಿಸಿಯಲ್ಲಿ ‘ಎಕ್ಸ್‌ಡಿಎಂಎಸ್’ ಎಂಬ ಉಚಿತ ತಂತ್ರಾಂಶದಿಂದ ಬಿಚ್ಚಿಟ್ಟುಕೊಳ್ಳಬೇಕು.

ಕೆಂಪು ಅಂಕಿ ಬಿದ್ದ ಡಿಸ್ಕಿಗೆ, ರಕ್ಷಣೆಯಿರುವ ಆಟಕ್ಕೆ ಮತ್ತು ವಾರ್ಹಾಲ್ ಅವರಂಥವರ ಡಿಸ್ಕಿಗೆ ದಾರಿ ಬೇರೆ. ಕ್ರಯೋಫ್ಲಕ್ಸ್, ಗ್ರೀಸ್‌ವೀಝಲ್ ಎಂಬ ಸಣ್ಣ ಸರ್ಕ್ಯೂಟ್ ಬೋರ್ಡುಗಳು ಯುಎಸ್‌ಬಿ ಮೂಲಕ ಪಿಸಿಗೆ ಸೇರುತ್ತವೆ, ಇನ್ನೊಂದು ಬದಿಗೆ ಮಾಮೂಲಿ ಫ್ಲಾಪಿ ಡ್ರೈವ್. ಇವು ಸೆಕ್ಟರನ್ನಾಗಲಿ ಬಿಟ್ಟನ್ನಾಗಲಿ ಹುಡುಕುವುದಿಲ್ಲ. ಕಾಂತೀಯತೆ ಒಂದು ದಿಕ್ಕಿನಿಂದ ಇನ್ನೊಂದಕ್ಕೆ ತಿರುಗುವ ಪ್ರತಿ ಕ್ಷಣವನ್ನೂ, ಹಲವು ಸುತ್ತುಗಳವರೆಗೆ ಗುರುತು ಹಾಕಿಕೊಳ್ಳುತ್ತವೆ. ಅರ್ಥ ಹಚ್ಚುವ ಕೆಲಸವನ್ನು ಮುಂದೆ ಎಷ್ಟು ಸಲ ಬೇಕಾದರೂ, ಡಿಸ್ಕನ್ನು ಮುಟ್ಟದೆ ಮಾಡಬಹುದು. ಕಾಪಿಲಾಕ್‌ನ ಕಾಲದ ಏರುಪೇರು ಕೂಡ ಈ ದಾಖಲೆಯಲ್ಲಿ ಹಾಗೆಯೇ ಉಳಿಯುತ್ತದೆ.

ಕಾನೂನಿನ ಮಾತು ಹೇಳದೆ ಮುಗಿಸುವಂತಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು, ತಂತ್ರಾಂಶದ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ನಾಶ, ನಷ್ಟದ ವಿರುದ್ಧ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ತೆಗೆದಿಟ್ಟುಕೊಳ್ಳಲು ಅವಕಾಶ ನೀಡಿದೆ. ಅದನ್ನು ಹಂಚುವ ಅವಕಾಶವನ್ನಲ್ಲ. ಅಮೆರಿಕದಲ್ಲಿ 2003ರಲ್ಲಿ, ಬಳಕೆ ತಪ್ಪಿದ ಮಾಧ್ಯಮಗಳಲ್ಲಿರುವ ತಂತ್ರಾಂಶ ಮತ್ತು ಆಟಗಳ ರಕ್ಷಣೆ ಭೇದಿಸಲು ಸೀಮಿತ ವಿನಾಯಿತಿ ದೊರೆಯಿತು. ಸ್ವಂತ ಪತ್ರ, ಚಿತ್ರ, ಕವಿತೆಗಳಿರುವ ಡಿಸ್ಕಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಕರ್ನಾಟಕದ ಮನೆಗಳಲ್ಲಿ ಅಮಿಗಾ ಡಿಸ್ಕು ಸಿಗುವುದು ವಿರಳ. 1.44 ಮೆಗಾಬೈಟಿನ ಪಿಸಿ ಫ್ಲಾಪಿಗಳು ಮಾತ್ರ ಹೇರಳ. ತೊಂಬತ್ತರ ದಶಕದಲ್ಲಿ ಡಿಟಿಪಿ ಕೇಂದ್ರಗಳಿಂದ ಮುದ್ರಣಾಲಯಕ್ಕೆ ಕನ್ನಡ ಪುಸ್ತಕಗಳ ಪುಟಗಳು ಸಾಗುತ್ತಿದ್ದುದೂ ಅವುಗಳಲ್ಲೇ. ಬೂಷ್ಟು, ಬಿಲ್ಲೆ, ಹೆಡ್ಡಿನ ನಿಯಮಗಳು ಅವಕ್ಕೂ ಅನ್ವಯಿಸುತ್ತವೆ. ಗ್ರೀಸ್‌ವೀಝಲ್ ಅವನ್ನೂ ಓದುತ್ತದೆ.